ಕೆಂಪು ಅರಿವೆ ಕಟ್ಟದ ಗಾಡಿ

ನನಗೆ ಯಾರೂ ಶಾಲು ಹೊದಿಸಿ ಕಳಿಸಲಿಲ್ಲ. ಮೂವತ್ತೆಂಟು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿದವನನ್ನು ಸಿಂಧನೂರಿನ ಗ್ಯಾರೇಜಿನಿಂದ ಒಂದೇ ಮಾತಿನಲ್ಲಿ ಹೊರಗೆ ಹಾಕಿದರು. ಅದಕ್ಕೆ ನನಗೆ ಸಿಟ್ಟಿಲ್ಲ. ನನಗಿರುವ ಸಿಟ್ಟೇ ಬೇರೆ. ಅದರ ಅರ್ಧ ಪಾಲು ಬೇರೆಯವರ ಮೇಲೆ, ಉಳಿದರ್ಧ ನನ್ನ ಮೇಲೆ. ಅರವತ್ತೆರಡು ದಾಟಿದೆ, ಬಿಪಿ ಗುಳಿಗೆ ನುಂಗುತ್ತೇನೆ, ಆದರೂ ಅದು ಇಳಿದಿಲ್ಲ.

ಹೋದ ತಿಂಗಳು ಈ ಕೆಲಸ ಕಲಿಯಲು ಸೇರಿದ ನಾಲ್ಕು ಜನ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಅವರಲ್ಲೊಬ್ಬ ಕೇಳಿದ: "ಕಾಕಾ, ಹಳೇ ಕಾರು ನಿಂತಲ್ಲೇ ನಡಗಿ ನಡಗಿ ಬಂದ್ ಬೀಳ್ತೈತಲ್ರಿ, ಅದಕ್ಕ ಮೊದಲ ಏನ್ ಬದಲಿ ಮಾಡಬೇಕ್ರಿ?"

ಏನು ಬದಲಿ ಮಾಡಬೇಕು! ಕೇಳಿದ ಪ್ರಶ್ನೆಯಲ್ಲೇ ರೋಗವಿದೆ. ಏನಾಗಿದೆ ಎಂದು ಕೇಳಲಿಲ್ಲ, ಏನು ಬದಲಿ ಮಾಡಬೇಕೆಂದು ಕೇಳಿದ. ಪ್ಲಗ್ ಬದಲಿಸು, ಪಂಪ್ ಬದಲಿಸು, ಸೆನ್ಸರ್ ಬದಲಿಸು, ಯಾವುದಕ್ಕೂ ಬಗ್ಗದಿದ್ದರೆ ಗಿರಾಕಿಯನ್ನೇ ಬೈ. ಈಗ ಎಲ್ಲರ ಕೈಯಲ್ಲೂ ಸ್ಕ್ಯಾನರ್ ಇದೆ. ಅದರ ಪರದೆಯಲ್ಲಿ ಏನೂ ಬರದಿದ್ದರೆ ಗಾಡಿಗೆ ಏನೂ ಆಗಿಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ನಾನು ಆ ಹುಡುಗನಿಗೆ ಆಗ ಉತ್ತರ ಕೊಡಲಿಲ್ಲ, ಬೈದು ಕಳಿಸಿದೆ. ಈಗ ಬರೆಯುತ್ತಿರುವುದೇ ಉತ್ತರ.

ನಾನು ಕೆಲಸ ಕಲಿತದ್ದು ಲಿಂಗಸುಗೂರಿನಲ್ಲಿ, ಮಹಬೂಬಸಾಬ್ ವಸ್ತಾದರ ತಗಡಿನ ಶೆಡ್ಡಿನಲ್ಲಿ. ಐಟಿಐ ಮುಗಿಸಿ, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡು ಹೋಗಿದ್ದೆ. ವಸ್ತಾದರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನೀರಿಗೆ ಹಾಳಾಗಂಗಿಲ್ಲ ಬಿಡು, ಪಾನಾದ ಡಬ್ಬಿ ಮ್ಯಾಲ ಮುಚ್ಚಾಕ ಬರ್ತೈತಿ" ಎಂದರು. ಹಾಗೇ ಸ್ಪ್ಯಾನರುಗಳ ಡಬ್ಬಿಗೆ ಮುಚ್ಚಿದರು ಕೂಡ.

ಅವರ ಶೆಡ್ಡಿಗೆ ಬಂದ ಗಾಡಿಯ ಬಾನೆಟ್ಟನ್ನು ಮೊದಲು ಎತ್ತುವಂತಿರಲಿಲ್ಲ. ಗಾಡಿ ಓಡಿಸುವವರನ್ನು ಕಟ್ಟಿಗೆಯ ಸ್ಟೂಲಿನ ಮೇಲೆ ಕೂಡಿಸಿ, ಡಾಕ್ಟರ್ ನಾಡಿ ಹಿಡಿದವರಂತೆ ಕೇಳುತ್ತಿದ್ದರು. ಮುಂಜಾನೆ ತಣ್ಣಗಿದ್ದಾಗ ನಡುಗುತ್ತದೋ, ಕಾದ ಮೇಲೋ? ದೀಪ ಹಾಕಿದರೆ ಹೆಚ್ಚಾಗುತ್ತದೋ? ಓಡುವಾಗ ನಿಲ್ಲುತ್ತದೋ, ನಿಂತಾಗ ನಿಲ್ಲುತ್ತದೋ? ನಿಲ್ಲುವ ಹೊತ್ತಿಗೆ ನಿಮ್ಮ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು? ನನಗೆ ಆಗ ಇಪ್ಪತ್ತೆರಡು ವರ್ಷ. ಇದೆಲ್ಲ ಮುದುಕರ ಹರಟೆ ಎನಿಸುತ್ತಿತ್ತು.

ಒಮ್ಮೆ ವಸ್ತಾದರು ನಮಾಜಿಗೆ ಹೋದಾಗ ವಕೀಲರೊಬ್ಬರ ಕಾರು ಬಂತು. ನಿಂತಲ್ಲೇ ಮಿಸ್ಸಿಂಗ್, ಅಂದರೆ ಇಂಜಿನ್ ತಡವರಿಸಿ ನಡುಗುವುದು, ಕಪ್ಪು ಹೊಗೆ, ಆಮೇಲೆ ಬಂದ್. ನಾನು ಯಾರನ್ನೂ ಏನೂ ಕೇಳದೆ ಕಾರ್ಬೋರೇಟರ್ ಬಿಚ್ಚಿದೆ, ತೊಳೆದೆ, ಕೂಡಿಸಿದೆ. ಸರಿಯಾಗಲಿಲ್ಲ. ಮತ್ತೆ ಬಿಚ್ಚಿದೆ. ಮೂರನೇ ಸಲ ಬಿಚ್ಚುತ್ತಿರುವಾಗ ವಸ್ತಾದರು ಬಂದರು. ನನ್ನತ್ತ ನೋಡಲೂ ಇಲ್ಲ. ಡ್ರೈವರನನ್ನು ಸ್ಟೂಲಿನ ಮೇಲೆ ಕೂಡಿಸಿ ಒಂದೇ ಮಾತು ಕೇಳಿದರು: "ಈ ತ್ರಾಸ ಸುರು ಆಗೂಕ ಮೊದಲ ಗಾಡಿಗೆ ನೀ ಏನರ ಮಾಡೀಯೇನಪಾ?"

"ಏನಿಲ್ರಿ ಸಾಬ್ರ. ನೆಲ್ಲು ಬಡಿಯೋ ಧೂಳು ಭಾಳ ಇತ್ತು. ಗಾಳಿ ಜಗ್ಗೋ ಬಾಯಿಗೆ ಹಳೇ ಬನೀನ್ ಕಟ್ಟೀನ್ರಿ."

ಧೂಳು ಹೋಗದಿರಲಿ ಎಂದು ಕಟ್ಟಿದ ಬನೀನು ಧೂಳಿನಿಂದ ಹಲಗೆಯಾಗಿತ್ತು. ಇಂಜಿನ್ ಉಸಿರಿಲ್ಲದೆ ಒದ್ದಾಡುತ್ತಿತ್ತು. ವಸ್ತಾದರು ಅದನ್ನು ಬಿಚ್ಚಿಸಿ, ಒಗೆಸಿ, ಒಣಗಿಸಿ, ನನ್ನ ಕೈಗೆ ಕೊಟ್ಟು, "ಒಂದು ವಾರ ಇದನ್ನ ಹಾಕ್ಕೊಂಡ ಕೆಲಸ ಮಾಡು ಬೇಟಾ, ಕೇಳೋದು ನೆಂಪಾಗ್ತೈತಿ" ಎಂದರು. ಆ ದಪ್ಪ ಡ್ರೈವರನ ಬನೀನು ನನಗೆ ಮೊಣಕಾಲಿನವರೆಗೆ ಬರುತ್ತಿತ್ತು. ವಾರವಿಡೀ ಲಿಂಗಸುಗೂರಿನ ಅರ್ಧ ಜನ ನನ್ನನ್ನು ನೋಡಿ ನಕ್ಕರು.

ಅವರದು ಇನ್ನೊಂದು ಕಟ್ಟಳೆ ಇತ್ತು. ದೋಷ ಹುಡುಕಲು ಗಾಡಿಯಲ್ಲಿ ಏನನ್ನಾದರೂ ಕಳಚಿದರೆ, ಏನನ್ನಾದರೂ ಮುಚ್ಚಿದರೆ, ಅದೇ ಗಳಿಗೆಯಲ್ಲಿ ಸ್ಟೇರಿಂಗಿಗೆ ಒಂದು ಕೆಂಪು ಅರಿವೆ ಕಟ್ಟಬೇಕು, ಚಾವಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ತಮ್ಮ ಹೆಂಡತಿಯ ಹಳೆಯ ಸೀರೆಯನ್ನು ಹರಿದು ಆ ತುಂಡುಗಳನ್ನು ಅವರೇ ಮಾಡಿಟ್ಟಿದ್ದರು. "ಕೆಂಪು ಅರಿವಿ ಇರೋತನಕ ಈ ಗಾಡಿ ಯಾರದೂ ಅಲ್ಲ, ರೋಗದ್ದು. ಮಾಲಕ ಬರಲಿ, ಕಲೆಕ್ಟರ್ ಬರಲಿ, ಚಾವಿ ಕೊಡಬ್ಯಾಡ" ಎನ್ನುತ್ತಿದ್ದರು. ಹಾಕಿದ್ದನ್ನು ಅದೇ ಕೈ ತೆಗೆಯಬೇಕು, ಅದೇ ಕೈ ಅರಿವೆ ಬಿಚ್ಚಬೇಕು. ಹನ್ನೊಂದು ವರ್ಷ ಅಲ್ಲಿದ್ದೆ. ಒಂದು ಸಲವೂ ಆ ಕಟ್ಟಳೆ ತಪ್ಪಲಿಲ್ಲ.

ಆಮೇಲೆ ಸಿಂಧನೂರಿಗೆ ಬಂದೆ. ಕಾಲುವೆ ನೀರು, ಎರಡು ಬೆಳೆ ನೆಲ್ಲು, ಮನೆಗೊಂದು ಗಾಡಿ. ಆಂಧ್ರದಿಂದ ಬಂದು ನೆಲೆಸಿದ ಸುಬ್ಬರಾವ್ ಎಂಬ ಕ್ಯಾಂಪಿನವರು ದೊಡ್ಡ ಗ್ಯಾರೇಜು ಮಾಡಿದ್ದರು. ಗಾಜಿನ ಕೋಣೆ, ಗಿರಾಕಿಗೆ ಸೋಫಾ, ಗೋಡೆಗೆ ಟಿವಿ. ನಾನು ಅಲ್ಲಿ ಹೆಡ್ ಮಿಸ್ತ್ರಿ. ಮಾಲಕರು ಕೆಟ್ಟವರಲ್ಲ, ಆದರೆ ಗಾಡಿಗೆ ಏನಾಗಿದೆ ಎಂಬುದಕ್ಕಿಂತ ಸಂಜೆಯೊಳಗೆ ಎಷ್ಟು ಗಾಡಿ ಹೊರಗೆ ಹೋದವು ಎಂಬುದೇ ಅವರಿಗೆ ಮುಖ್ಯ. ನಾನು ಬಂದ ಮೊದಲ ವಾರವೇ ಸ್ಟೇರಿಂಗಿನ ಕೆಂಪು ಅರಿವೆ ಅವರ ಕಣ್ಣಿಗೆ ಬಿತ್ತು.

"ಏಮಯ್ಯಾ ಮೌನೇಶಪ್ಪಾ, ಇದೇನಿದು? ಗಿರಾಕಿ ಬಂದು ನೋಡಿದ್ರ ಗಾಡಿಗೆ ದೆವ್ವ ಹಿಡದೈತಿ ಅನಕೊಂತಾರ. ತೆಗಿ."

ತೆಗೆದೆ. ಜಗಳವಾಡಲಿಲ್ಲ. ಹನ್ನೊಂದು ವರ್ಷದ ಅಭ್ಯಾಸವನ್ನು ಹನ್ನೊಂದು ನಿಮಿಷದಲ್ಲಿ ಬಿಟ್ಟೆ. ವಸ್ತಾದರ ಆ ಸ್ಟೂಲು ಕೂಡ ಅಲ್ಲಿರಲಿಲ್ಲ. ಗಿರಾಕಿ ಸೋಫಾದ ಮೇಲೆ ಟಿವಿ ನೋಡುತ್ತಾರೆ, ಕೌಂಟರಿನವನು ಒಂದು ಚೀಟಿಯಲ್ಲಿ "ಮಿಸ್ಸಿಂಗ್, ಬಂದ್ ಬೀಳುತ್ತದೆ" ಎಂದು ಬರೆದು ನನಗೆ ಕಳಿಸುತ್ತಾನೆ. ನಾನು ಚೀಟಿಗೆ ರಿಪೇರಿ ಮಾಡುತ್ತಿದ್ದೆ. ಸಮಯವಿಲ್ಲದಾಗ ಎಲ್ಲರೂ ಮಾಡುವ ಕಳ್ಳ ಕೆಲಸವನ್ನೇ ಮಾಡುತ್ತಿದ್ದೆ: ರೇಸ್ ಸ್ಕ್ರೂ ಒಂದು ಸುತ್ತು ತಿರುಗಿಸಿ ಇಂಜಿನ್ ವೇಗ ಏರಿಸಿಬಿಡುವುದು. ನಡುಕ ಮುಚ್ಚಿಕೊಳ್ಳುತ್ತದೆ, ಗಿರಾಕಿ ನಗುತ್ತ ಹೋಗುತ್ತಾನೆ, ರೋಗ ಒಳಗೇ ಬೆಳೆಯುತ್ತದೆ. ಇದನ್ನು ರಿಪೇರಿ ಎನ್ನುವವರ ಕೈಗೆ ಬರೆ ಹಾಕಬೇಕು. ಮೊದಲು ನನ್ನ ಕೈಗೆ.

ಹೀಗೇ ವರ್ಷಗಳು ಕಳೆದವು. ನನ್ನ ಕೊನೆಯ ವರ್ಷ ಶಾಂತಾ ಟೀಚರ್ ಬಂದರು.

ಅವರ ಮನೆ ಸಿಂಧನೂರಿನಲ್ಲಿ, ನೌಕರಿ ಮಸ್ಕಿಯ ಸರಕಾರಿ ಶಾಲೆಯಲ್ಲಿ. ಗಂಡನಿಗೆ ಬಳ್ಳಾರಿಯಲ್ಲಿ ಕೆಲಸ, ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮೈದುನ. ಇಪ್ಪತ್ತು ವರ್ಷದ ಹಳೆಯ ಪೆಟ್ರೋಲ್ ಕಾರನ್ನು ಅವರು ತಮ್ಮ ಸಂಬಳದಲ್ಲಿ ಕೊಂಡು, ನಲವತ್ತರ ವಯಸ್ಸಿನಲ್ಲಿ ಓಡಿಸಲು ಕಲಿತಿದ್ದರು. ಆ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು. ದಿನಾ ಮುಂಜಾನೆ ಇನ್ನಿಬ್ಬರು ಶಿಕ್ಷಕಿಯರನ್ನು ಕೂಡಿಸಿಕೊಂಡು ಮಸ್ಕಿಗೆ ಹೋಗುತ್ತಿದ್ದರು. ಅವರಿಗೆ ಆ ಕಾರು ಬರೀ ಕಾರಲ್ಲ ಎಂಬುದು ಚಾವಿ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೈದುನ ರಾಜಶೇಖರನಿಗೆ ಅದು ಮೊದಲ ದಿನದಿಂದ ಕಣ್ಣಿಗೆ ಚುಚ್ಚಿದ ಮುಳ್ಳು. ಗಾಡಿ ಎಲ್ಲಾದರೂ ನಿಂತರೆ ಸಾಕು, ಚಾವಿ ಕಸಿದುಕೊಳ್ಳಲು ಕಾಯುತ್ತಿದ್ದ.

ಗಾಡಿ ನಿಲ್ಲತೊಡಗಿತು.

ಟೀಚರ್ ಸೋಫಾದಲ್ಲಿ ಕೂಡಲಿಲ್ಲ. ನೇರ ನನ್ನ ಹತ್ತಿರ ಬಂದು ಹೇಳಿದರು: "ಮಿಸ್ತ್ರಿ, ರೋಡಿನ ಮ್ಯಾಲ ಹೋಗೋವಾಗ ಏನೂ ಇಲ್ರಿ. ಸರ್ಕಲ್‌ನ್ಯಾಗ ಬ್ರೇಕ್ ಹಿಡಿದು ನಿಂತ್ನಿ ಅಂದ್ರ ನಡಗಾಕ ಹತ್ತತೈತಿ, ಬಂದ್ ಬೀಳ್ತೈತಿ. ಬ್ರೇಕ್ ಹಿಡಿದಾಗ ಅಷ್ಟ."

ಓದುವವರೇ, ಇಲ್ಲಿ ಸ್ವಲ್ಪ ನಿಲ್ಲಿ. ಬ್ರೇಕ್ ಹಿಡಿದಾಗ ಅಷ್ಟೇ. ರೋಗದ ಹೆಸರು, ಊರು, ವಿಳಾಸ ಎಲ್ಲವನ್ನೂ ಆ ಹೆಣ್ಣುಮಗಳು ನನ್ನ ಕೈಗೆ ಕೊಟ್ಟಿದ್ದರು. ವಸ್ತಾದರಾಗಿದ್ದರೆ ಸ್ಟೂಲಿನ ಮೇಲೆ ಕೂಡಿಸಿ ಅದೇ ಮಾತನ್ನು ಇನ್ನೊಮ್ಮೆ ಹೇಳಿಸುತ್ತಿದ್ದರು. ನಾನು ಏನಂದೆ ಗೊತ್ತೇ? "ಕ್ಲಚ್ ಪೂರಾ ಒತ್ರಿ ಮೇಡಂ, ಹೊಸದಾಗಿ ಕಲತವರಿಗೆ ಹಂಗ ಆಗ್ತೈತಿ" ಎಂದೆ. ಸ್ಕ್ಯಾನರ್ ಹಚ್ಚಿದೆ, ಏನೂ ತೋರಿಸಲಿಲ್ಲ. ಪ್ಲಗ್ ಒರೆಸಿ, ರೇಸ್ ಏರಿಸಿ ಕಳಿಸಿದೆ.

ನಾಲ್ಕೇ ದಿನಕ್ಕೆ ಮತ್ತೆ ಬಂದರು. ಮಸ್ಕಿ ಬಸ್ ನಿಲ್ದಾಣದ ಮುಂದೆ ನಡುರಸ್ತೆಯಲ್ಲಿ ಮೂರು ಸಲ ಬಂದ್ ಬಿದ್ದು, ಹಿಂದಿನ ಲಾರಿಯವನು ಬಾಯಿಗೆ ಬಂದಂತೆ ಬೈದಿದ್ದನಂತೆ. ಈ ಸಲ ಜೊತೆಗೆ ರಾಜಶೇಖರನೂ ಇದ್ದ.

"ಏನೂ ಆಗಿಲ್ಲ ಮಿಸ್ತ್ರಿ. ನಿನ್ನೆ ನಾನಾ ಲಿಂಗಸುಗೂರಿಗೆ ಹೋಗಿ ಬಂದೀನಿ, ಒಂದ ಸಲನೂ ನಿಂತಿಲ್ಲ. ನಮ್ಮ ವೈನಿ ಕಾಲು ಕ್ಲಚ್ ಮ್ಯಾಲ ಇಟ್ಟಕೊಂಡ ಓಡಸ್ತಾಳ. ಹೆಣ್ಮಕ್ಕಳ ಕಾಲಿಗೆ ಸ್ಕೂಟಿ ಸಾಕ್ರಿ" ಎಂದು ನಕ್ಕ.

ನಾನೂ ನಕ್ಕೆ. ಟೀಚರ್ ನನ್ನನ್ನು ನೋಡಿದರು. ಆ ನಗುವನ್ನು ವಾಪಸ್ ನುಂಗಲು ಬರುವುದಾದರೆ ಈಗಲೂ ನುಂಗುತ್ತೇನೆ. ತೆರೆದ ರಸ್ತೆಯಲ್ಲಿ ಲಿಂಗಸುಗೂರಿಗೆ ಹೋಗಿ ಬರುವವನು ಎಷ್ಟು ಸಲ ಬ್ರೇಕ್ ಹಿಡಿದು ನಿಲ್ಲುತ್ತಾನೆ? ಅದನ್ನಾದರೂ ಯೋಚಿಸಬಾರದಿತ್ತೇ ನಾನು? ಮಾಲಕರು ಪೆಟ್ರೋಲ್ ಪಂಪ್ ಬದಲಿಸು ಎಂದರು, ಬದಲಿಸಿದೆ. ನೆಟ್ಟಗಿದ್ದ ಪಂಪನ್ನು ತೆಗೆದು ಹೊಸದನ್ನು ಹಾಕಿದೆ.

ಮೂರನೇ ಸಲ ಅವರು ಒಬ್ಬರೇ ಬಂದರು. ಬೈಯಲಿಲ್ಲ. ಡ್ರೈವರ್ ಸೀಟಿನ ಬಾಗಿಲು ತೆರೆದು, "ಮಿಸ್ತ್ರಿ, ನೀವಾ ಕೂಡ್ರಿ. ಕ್ಲಚ್ ಮುಟ್ಟಬ್ಯಾಡ್ರಿ. ಗೇರ್ ಬ್ಯಾಡ. ಬರೇ ಬ್ರೇಕ್ ಒತ್ರಿ" ಎಂದರು. ಪಾಠ ಹೇಳುವ ದನಿ.

ಕೂತೆ. ಒತ್ತಿದೆ. ಕಾಲಿನ ಹತ್ತಿರ ಹಾವಿನಂತೆ ಬುಸ್ಸೆಂದಿತು. ಇಂಜಿನ್ ನಾಲ್ಕು ಸಲ ನಡುಗಿ ಸತ್ತಿತು.

ಮುಖದ ಮೇಲೆ ಹೊಡೆದಂತಾಯಿತು. ಕೆಲಸ ಕಲಿಯುವವರಿಗೆ ಹೇಳುತ್ತೇನೆ: ಬ್ರೇಕ್ ಪೆಡಲಿನ ಮುಂದೆ ದುಂಡನೆಯ ದೊಡ್ಡ ಡಬ್ಬಿಯೊಂದಿರುತ್ತದೆ, ಬೂಸ್ಟರ್. ಇಂಜಿನ್ ಗಾಳಿ ಎಳೆದುಕೊಳ್ಳುವ ಬಲವನ್ನೇ ಒಂದು ಪೈಪಿನಿಂದ ತಂದು ಅದು ನಮ್ಮ ಕಾಲಿನ ಒತ್ತಿಗೆ ಕೂಡಿಸುತ್ತದೆ. ಅದರೊಳಗಿನ ರಬ್ಬರ್ ಪರದೆ ಹರಿದರೆ, ಬ್ರೇಕ್ ಒತ್ತಿದಾಗ ಹೊರಗಿನ ಗಾಳಿ ಇಂಜಿನ್ನಿಗೆ ನುಗ್ಗುತ್ತದೆ, ಪೆಟ್ರೋಲಿಗೂ ಗಾಳಿಗೂ ಲೆಕ್ಕ ತಪ್ಪುತ್ತದೆ, ಗಾಡಿ ನಡುಗಿ ನಿಲ್ಲುತ್ತದೆ. ಇದನ್ನು ಹಿಡಿಯಲು ಯಾವ ಸ್ಕ್ಯಾನರೂ ಬೇಡ. ಇಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಒತ್ತಿ ಹಿಡಿದುಕೊಂಡೇ ಚಾಲೂ ಮಾಡಬೇಕು. ಪೆಡಲ್ ಕಾಲಿನಡಿ ಸ್ವಲ್ಪ ಇಳಿದರೆ ಬೂಸ್ಟರ್ ಬದುಕಿದೆ. ಇಳಿಯದಿದ್ದರೆ ಸತ್ತಿದೆ. ಅಷ್ಟೇ. ಅರ್ಧ ನಿಮಿಷದ ಕೆಲಸಕ್ಕೆ ನಾನು ಅವರನ್ನು ಮೂರು ಸಲ ಅಲೆದಾಡಿಸಿದ್ದೆ.

ಟೀಚರನ್ನು ಶಾಲೆಗೆ ಬಸ್ಸಿನಲ್ಲಿ ಕಳಿಸಿದೆ. ಖಾತ್ರಿ ಮಾಡಿಕೊಳ್ಳಲು ಇಂಜಿನ್ನಿನಿಂದ ಬೂಸ್ಟರಿಗೆ ಹೋಗುವ ಪೈಪನ್ನು ಕಳಚಿ, ಅದರ ಬಾಯಿಗೆ ಒಂದು ಬೋಲ್ಟ್ ತುರುಕಿ ಬಿಗಿದೆ. ಈಗ ಹರಿದ ಬೂಸ್ಟರಿಗೂ ಇಂಜಿನ್ನಿಗೂ ಸಂಬಂಧವಿಲ್ಲ. ಚಾಲೂ ಮಾಡಿದೆ. ಬ್ರೇಕ್ ಒತ್ತಿದರೂ ಇಂಜಿನ್ ಕದಲಲಿಲ್ಲ, ಹೊಲಿಗೆ ಮಷಿನ್ನಿನಂತೆ ಓಡಿತು. ಖುಷಿಯಾಯಿತು. ಆದರೆ ಬೂಸ್ಟರಿನ ಆಸರೆ ಇಲ್ಲದ ಬ್ರೇಕು ಕಲ್ಲಿನಂತಿರುತ್ತದೆ, ಆ ಗಾಡಿಯನ್ನು ಅಂಗಳದಿಂದಾಚೆ ಬಿಡಬಾರದು. ರಾಯಚೂರಿಗೆ ಫೋನ್ ಮಾಡಿ ಹೊಸ ಬೂಸ್ಟರ್ ಹೇಳಿದೆ. ಇನ್ನೇನು ಬೋಲ್ಟ್ ತೆಗೆಯಬೇಕು, ಅಷ್ಟರಲ್ಲಿ ಮಾಲಕರು ಕೂಗಿದರು. ಮುಕ್ಕುಂದದ ಹತ್ತಿರ ಯಾರೋ ದೊಡ್ಡ ಮನುಷ್ಯರ ಗಾಡಿ ನಿಂತಿದೆ, ಈಗಿಂದೀಗಲೇ ಹೊರಡು. ಹೊರಟೆ. ಚಾವಿ ಗಾಡಿಯಲ್ಲೇ ಇತ್ತು. ಸ್ಟೇರಿಂಗಿಗೆ ಕೆಂಪು ಅರಿವೆ ಇರಲಿಲ್ಲ.

ಸಂಜೆ ಟೀಚರ್ ಬಂದಾಗ ಮಾಲಕರೇ ಗಾಡಿ ಚಾಲೂ ಮಾಡಿ ತೋರಿಸಿದರಂತೆ. ಎಷ್ಟು ನುಣ್ಣಗೆ ಓಡುತ್ತಿದೆ ನೋಡಿ ಎಂದರಂತೆ. ಕೊಟ್ಟು ಕಳಿಸಿದರು. ಟೀಚರ್ ಮನೆ ಮುಟ್ಟಿದ ಕೂಡಲೇ ಫೋನ್ ಮಾಡಿ, "ಬ್ರೇಕ್ ಭಾಳ ಬಿರುಸು ಆಗೈತ್ರಿ" ಎಂದು ಹೇಳಿದ್ದಾರೆ. "ರಿಪೇರಿ ಆದ ಮ್ಯಾಲ ಎರಡು ದಿನ ಬಿಗಿ ಇರ್ತೈತಮ್ಮಾ" ಎಂದಿದ್ದಾರೆ ಮಾಲಕರು. ನಾನು ಮುಕ್ಕುಂದದಿಂದ ನೇರ ಮನೆಗೆ ಹೋಗಿ ಉಂಡು ಮಲಗಿದ್ದೆ. ಬೋಲ್ಟಿನ ನೆನಪೇ ಇರಲಿಲ್ಲ.

ಮರುದಿನ ಮುಂಜಾನೆ ಮಸ್ಕಿ ದಾರಿಯ ಗೊರೇಬಾಳದ ಹತ್ತಿರ ರಸ್ತೆಯ ಅರ್ಧಕ್ಕೆ ನೆಲ್ಲು ಹರವಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಗಾಡಿ ಹತ್ತದಿರಲೆಂದು ನೆಲ್ಲಿನ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಎದುರಿಗೆ ಬಸ್ಸು, ಈ ಕಡೆ ನೆಲ್ಲು, ನೆಲ್ಲಿನಲ್ಲಿ ಕಾಲಾಡಿಸುತ್ತಿದ್ದ ಹೆಂಗಸು. ಟೀಚರ್ ಬ್ರೇಕ್ ಒತ್ತಿದರು. ಗಾಡಿ ನಿಲ್ಲಲಿಲ್ಲ. ಕಲ್ಲು ಹಾರಿಸಿಕೊಂಡು ನೆಲ್ಲಿನ ರಾಶಿಗೆ ಮೂತಿ ಹೂತು ನಿಂತಿತು. ನೆಲ್ಲಿನ ಹೆಂಗಸು ಹಾರಿಕೊಂಡಳು, ಒಂದು ಮೊಳದಲ್ಲಿ ಉಳಿದಳು. ಟೀಚರ ಮಣಿಕಟ್ಟು ಉಳುಕಿತು. ಉಳಿದ ಇಬ್ಬರು ಶಿಕ್ಷಕಿಯರಿಗೆ ಏನೂ ಆಗಲಿಲ್ಲ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗಾಡಿಯನ್ನು ಗ್ಯಾರೇಜಿಗೆ ತಂದರು. ಬಾನೆಟ್ ಎತ್ತಿದೆ. ಪೈಪಿನ ಬಾಯಲ್ಲಿ ನನ್ನ ಬೋಲ್ಟ್ ಕೂತಿತ್ತು.

ಅದನ್ನು ತೆಗೆದು ಮಾಲಕರಿಗೆ ತೋರಿಸಿದೆ. ಅವರು ಗಾಜಿನ ಬಾಗಿಲು ಮುಚ್ಚಿದರು. "ಯಾರರ ನೋಡ್ಯಾರೇನು?" ಎಂದರು. ಇಲ್ಲ ಎಂದೆ. "ಹಂಗಾರ ನೀನೂ ನೋಡಿಲ್ಲ. ಹೊಸ ಬೂಸ್ಟರ್ ಹಾಕು, ಪೈಪ್ ಸೇರಿಸು, ಬಾಯಿ ಮುಚ್ಚು. ಕೇಸ್ ಆತಂದ್ರ ಗ್ಯಾರೇಜಿಗೆ ಬೀಗ ಬೀಳ್ತೈತಿ. ಇಲ್ಲಿ ದುಡಿಯೋ ಮಂದಿ ಹೊಟ್ಟಿ ಮ್ಯಾಲ ಕಾಲು ಕೊಡಬ್ಯಾಡ."

ನಾನು ಬೋಲ್ಟನ್ನು ಜೇಬಿಗೆ ಹಾಕಿಕೊಂಡೆ. ಬಾಯಿ ಮುಚ್ಚಿದೆ. ಇದನ್ನು ಬರೆಯುವಾಗ ಪೆನ್ನು ಮುರಿಯುವಷ್ಟು ಸಿಟ್ಟು ಬರುತ್ತದೆ, ಆದರೆ ನಡೆದದ್ದು ಅದೇ.

ಎಂಟು ದಿನ. ಆ ಎಂಟು ದಿನದಲ್ಲಿ ಆ ಮನೆಯವರು ಟೀಚರ ಕೈಯಿಂದ ಚಾವಿ ತೆಗೆದುಕೊಂಡರು. ಉಳಿದ ಶಿಕ್ಷಕಿಯರ ಮನೆಯಿಂದಲೂ ಮಾತು ಬಂತು, ಇನ್ನು ಇವಳ ಗಾಡಿಯಲ್ಲಿ ಹೋಗಬೇಡಿ ಎಂದು. ರಾಜಶೇಖರ ಗ್ಯಾರೇಜಿಗೆ ಬಂದು, "ಬಡಿದು ನೆಟ್ಟಗ ಮಾಡಿಡ್ರಿ, ಗಿರಾಕಿ ನೋಡೀನಿ, ಮಾರಿಬಿಡ್ತೀವಿ. ನಾ ಮೊದಲ ಹೇಳಿದ್ದೆ, ಕಾಲಿಗೆ ಕಸುವಿಲ್ಲದವರು ಬ್ರೇಕ್ ಹ್ಯಾಂಗ ಒತ್ತತಾರ?" ಎಂದ. ಬೋಲ್ಟು ನನ್ನ ತೊಡೆಗೆ ಚುಚ್ಚುತ್ತಿತ್ತು. ನಾನು ತಲೆ ಬಗ್ಗಿಸಿ ಬಂಪರ್ ಬಡಿಯುತ್ತಿದ್ದೆ.

ಎಂಟನೇ ದಿನ ಶನಿವಾರ. ಟೀಚರ್ ಅರ್ಧ ದಿನದ ಶಾಲೆ ಮುಗಿಸಿ ಮಸ್ಕಿ ಬಸ್ಸಿನಿಂದಿಳಿದು ಗ್ಯಾರೇಜಿಗೆ ಬಂದರು. ಮಣಿಕಟ್ಟಿಗೆ ಪಟ್ಟಿ ಇತ್ತು.

"ಮಿಸ್ತ್ರಿ, ಒಂದ ಮಾತು ಖರೆ ಹೇಳ್ರಿ. ಮನ್ಯಾಗ ಎಲ್ಲಾರೂ ನಾ ಗಾಬರಿ ಆಗಿ ಬ್ರೇಕ್ ಒತ್ತಿಲ್ಲ ಅಂತಾರ. ಕೇಳಿ ಕೇಳಿ ನನಗೂ ಹಂಗ ಅನಸಾಕತ್ತೈತಿ. ಆದ್ರ ನಾ ಒತ್ತೀನ್ರಿ. ಎರಡೂ ಕಾಲಿಲೆ ಒತ್ತೀನಿ. ಒತ್ತೀನೋ ಇಲ್ಲೋ, ಗಾಡಿ ನೋಡಿದ್ರ ನಿಮಗ ತಿಳೀತೈತಲ್ರಿ?"

"ನೋಡ್ತೀನ್ರಿ ಮೇಡಂ" ಎಂದೆ. ಅಷ್ಟೇ ಅಂದೆ, ಹೇಡಿ.

ಅವರು ಹೋದ ಮೇಲೆ ಕೈ ತೊಳೆದು ಲಿಂಗಸುಗೂರಿನ ಬಸ್ ಹತ್ತಿದೆ. ವಸ್ತಾದರಿಗೆ ಆಗಲೇ ಎಂಬತ್ತು ದಾಟಿತ್ತು, ಕಣ್ಣು ಮಂಜು. ಹೊರಸಿನ ಮೇಲೆ ಕೂತು ಎಲ್ಲ ಕೇಳಿದರು. ಬೂಸ್ಟರ್ ಹರಿದದ್ದನ್ನು ಹೇಳಿದೆ, ಮಾಲಕರ ಮಾತು ಹೇಳಿದೆ, ಮುಕ್ಕುಂದದ ಗಾಡಿಯದು ಹೇಳಿದೆ. ನನ್ನ ಪರವಾಗಿ ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನೂ ಹೇಳಿದೆ.

"ಬೋಲ್ಟ್ ಎಲ್ಲೈತಿ?" ಎಂದರು.

"ಜೇಬಿನ್ಯಾಗ ಐತ್ರಿ."

"ಎಂಟು ದಿನ ಜೇಬಿನ್ಯಾಗ ಇಟ್ಟಕೊಂಡು ಅನ್ನ ಉಂಡ್ಯಾ? ಗಂಟಲದಾಗ ಇಳೀತು? ತಪ್ಪು ಮಾಡೋದು ಕೈ. ಬಾಯಿ ಮುಚ್ಚಿದ್ದು ಯಾರಲೇ? ಏಳು, ನಡಿ ಮೊದಲ. ನನ್ನ ಹೆಸರು ಎಲ್ಲೂ ಹೇಳಬ್ಯಾಡ, ನಿನಗ ಕಲಿಸೀನಿ ಅಂತ ಹೇಳಾಕ ನನಗ ನಾಚಿಕಿ ಬರ್ತೈತಿ."

ಚಹಾ ಕೂಡ ಕೊಡಲಿಲ್ಲ. ನಾನು ಬಾಗಿಲು ದಾಟುವಾಗ ಸೊಸೆಯನ್ನು ಕರೆದು ಏನೋ ಹೇಳಿದರು. ಆಕೆ ಒಳಗಿನಿಂದ ಒಂದು ಕೆಂಪು ಅರಿವೆ ತಂದು ನನ್ನ ಕೈಗಿಟ್ಟರು.

ಅದೇ ಸಂಜೆ ಮಾಲಕರಿಗೆ ಹೇಳಿದೆ, ನಾನು ಆ ಮನೆಗೆ ಹೋಗುತ್ತಿದ್ದೇನೆ ಎಂದು. "ಹೋದ್ರ ಹಂಗ ಹೋಗಿಬಿಡು" ಎಂದರು. ನನ್ನನ್ನು ಬೀಳ್ಕೊಟ್ಟ ಮಾತು ಅದು.

ಟೀಚರ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಅತ್ತೆ, ಮೈದುನ ಕೂತಿದ್ದರು. ಬಳ್ಳಾರಿಯಿಂದ ಗಂಡನೂ ಬಂದಿದ್ದರು. ಬೋಲ್ಟನ್ನು ಟೀಪಾಯಿಯ ಮೇಲೆ ಇಟ್ಟು ಇದ್ದದ್ದು ಇದ್ದಹಾಗೆ ಹೇಳಿದೆ. ಟೀಚರ್ ಬೋಲ್ಟನ್ನು ಕೈಗೆತ್ತಿಕೊಂಡು ನೋಡುತ್ತಲೇ ಇದ್ದರು. ರಾಜಶೇಖರ ನಂಬಲಿಲ್ಲ.

"ಮಾಲಕನ ಕೂಡ ಜಗಳಾಡಿ ಬಂದು ಕಥಿ ಕಟ್ಟಾಕತ್ತೀರಿ. ಬೂಸ್ಟರ್ ಇಲ್ಲಂದ್ರೂ ಗಂಡಸರು ಒತ್ತಿದ್ರ ಬ್ರೇಕ್ ಹತ್ತತೈತಿ. ಹೆಣ್ಮಕ್ಕಳಿಗೆ ಆಗಂಗಿಲ್ಲ, ಅಷ್ಟ."

ನನ್ನ ತಲೆ ಕೆಟ್ಟಿತು. ಎಂಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಗಂಡಸು ಹೌದಲ್ಲಪಾ ನೀನು? ಹಂಗಾರ ನಾಳೆ ಬಾ. ನೀನಾ ಒತ್ತಿ ತೋರಸು" ಎಂದು ಕಿರುಚಿದೆ. ಬೇರೆಯವರ ಮನೆಯಲ್ಲಿ ನಿಂತು ಹಾಗೆ ಕಿರುಚಿದ್ದು ಜೀವನದಲ್ಲಿ ಅದೊಂದೇ ಸಲ.

ರಾಜಶೇಖರ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಮರುದಿನ ಆ ಗಿರಣಿಯ ಸಿಮೆಂಟಿನ ಕಣಕ್ಕೇ ಗ್ಯಾರೇಜಿನಿಂದ ಗಾಡಿ ಎಳೆಸಿ ತರಿಸಿದೆವು. ರಾಯಚೂರಿನಿಂದ ಬಂದು ಗಾಡಿಯಲ್ಲೇ ಬಿದ್ದಿದ್ದ ಹೊಸ ಬೂಸ್ಟರನ್ನು ಅಲ್ಲೇ ಕೂತು ಹಾಕಿದೆ. ಹೊಟ್ಟು ತುಂಬಿದ ಚೀಲಗಳನ್ನು ಕಣದ ತುದಿಗೆ, ಗಿರಣಿಯ ಹೊಟ್ಟಿನ ಗುಡ್ಡದ ಮುಂದೆ, ಸಾಲಾಗಿ ನಿಲ್ಲಿಸಿದೆ, ಬ್ರೇಕ್ ಒತ್ತಬೇಕಾದ ಜಾಗಕ್ಕೆ ಸುಣ್ಣದ ಗೆರೆ ಎಳೆದೆ. ಮೊದಲು ಟೀಚರ್ ಓಡಿಸಿದರು. ಮಣಿಕಟ್ಟಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಗೆರೆಗೆ ಬಂದು ಒತ್ತಿದರು. ಗಾಡಿ ಚೀಲಕ್ಕೆ ಎರಡು ಮಾರು ಮೊದಲೇ ನಿಂತಿತು. ಇಂಜಿನ್ ನಡುಗಲಿಲ್ಲ.

ಆಮೇಲೆ ಪೈಪ್ ಕಳಚಿ, ಅದೇ ಬೋಲ್ಟನ್ನು ಅದೇ ಬಾಯಿಗೆ ಬಿಗಿದೆ. ಸ್ಟೇರಿಂಗಿಗೆ ವಸ್ತಾದರ ಕೆಂಪು ಅರಿವೆ ಕಟ್ಟಿದೆ. ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರಿನೊಳಗೆ ಉಳಿದ ಬಲವನ್ನೂ ತೆಗೆದೆ. ರಾಜಶೇಖರನನ್ನು ಕೂಡಿಸಿ, ಅಷ್ಟೇ ವೇಗದಲ್ಲಿ ಬಾ, ಅದೇ ಗೆರೆಗೆ ಒತ್ತು ಎಂದೆ. ಬಂದ. ಒತ್ತಿದ. ಅವನ ಮುಖ ಕೆಂಪಾದದ್ದು, ಸೀಟಿನಿಂದ ಕುಂಡಿ ಎತ್ತಿ ನಿಂತೇ ಒತ್ತಿದ್ದು ಗಾಜಿನಾಚೆ ನಮಗೆಲ್ಲ ಕಂಡಿತು. ಗಾಡಿ ಚೀಲಗಳನ್ನು ಒಡೆದುಕೊಂಡು ಹೊಟ್ಟಿನ ಗುಡ್ಡಕ್ಕೆ ನುಗ್ಗಿತು. ತೆರೆದ ಕಿಟಕಿಯಿಂದ ನುಗ್ಗಿದ ಹೊಟ್ಟನ್ನು ತಲೆ, ಮೀಸೆ, ಹುಬ್ಬಿಗೆಲ್ಲ ಮೆತ್ತಿಕೊಂಡು ಇಳಿದ. ಗಿರಣಿಯ ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಅಣ್ಣ ಮಾತ್ರ ನಗಲಿಲ್ಲ. ಹೆಂಡತಿಯತ್ತ ತಿರುಗಿ, "ತಪ್ಪಾತು ಶಾಂತಾ" ಎಂದರು, ಎಲ್ಲರಿಗೂ ಕೇಳುವಂತೆ.

ನಾನು ಬೋಲ್ಟ್ ತೆಗೆದು, ಪೈಪ್ ಸೇರಿಸಿ, ಅರಿವೆ ಬಿಚ್ಚಿದೆ. ಕಾಲಿಟ್ಟು ಚಾಲೂ ಮಾಡುವ ಅರ್ಧ ನಿಮಿಷದ ಪರೀಕ್ಷೆಯನ್ನು ಟೀಚರಿಗೆ ಕಲಿಸಿದೆ. ಒಂದೇ ಸಲಕ್ಕೆ ಕಲಿತರು. ಚಾವಿ ತಮ್ಮ ಕೈಗೆ ತೆಗೆದುಕೊಂಡರು. ನನಗೆ ಧನ್ಯವಾದ ಹೇಳುತ್ತಾರೆ ಎಂದುಕೊಂಡೆ. ಖರೆ ಹೇಳಬೇಕೆಂದರೆ ಅದಕ್ಕೇ ಕಾಯುತ್ತಿದ್ದೆ.

"ಮಿಸ್ತ್ರಿ, ನಮ್ಮ ಮೈದುನಗ ಗೊತ್ತಿರಲಿಲ್ಲ. ಗೊತ್ತಿಲ್ದ ಅಂದ. ನಿಮಗ ಗೊತ್ತಿತ್ತಲ್ರಿ. ಮೊದಲನೇ ದಿನಾನ ಗೊತ್ತಿತ್ತು. ಎಂಟು ದಿನ ನಾ ಬಸ್ಸಿಳಿದು ಸಾಲಿಗೆ ನಡಕೊಂತ ಹೋಗೋವಾಗ ಮಕ್ಕಳು ಸೈತ ನಕ್ಕರು. ನನ್ನ ಕಾಲು ನಾನಾ ನಂಬದಂಗ ಆಗಿತ್ತು. ಆ ಎಂಟು ದಿನ ಯಾರು ರಿಪೇರಿ ಮಾಡ್ತಾರ್ರಿ?"

ಮೂವತ್ತೆಂಟು ವರ್ಷದಲ್ಲಿ ಗಾಡಿಯ ಬಗ್ಗೆ ಯಾರು ಏನು ಕೇಳಿದರೂ ಏನೋ ಒಂದು ಉತ್ತರ ಕೊಟ್ಟಿದ್ದೇನೆ. ಬಿಚ್ಚಿದ ಅರಿವೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ಅವರು ಗಾಡಿ ಹತ್ತಿ ಹೊರಟರು.

ನಾನು ಬೈದು ಕಳಿಸಿದ ಆ ನಾಲ್ಕು ಜನರಿಗೆ ಒಂದು ಮಾತು. ಮತ್ತೆ ಬನ್ನಿ. ವಸ್ತಾದರ ಅರಿವೆಯನ್ನು ನಾಲ್ಕು ತುಂಡು ಮಾಡಿ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಿ. ನಿಮ್ಮ ಮಾಲಕರು ತೆಗಿ ಎನ್ನುತ್ತಾರೆ, ತೆಗೆಯಬೇಡಿ. ಓಡಿಸುವವರನ್ನು ಕೂಡಿಸಿ ಕೇಳಿ. ಹೆಂಗಸು ಹೇಳಿದರೆ ಎರಡು ಸಲ ಕೇಳಿ, ಯಾಕೆಂದರೆ ಮೊದಲ ಸಲ ನಿಮ್ಮ ಕಿವಿ ಕೇಳುವುದಿಲ್ಲ.

ಟೀಚರ್ ಆ ಕಾರನ್ನು ಮಾರಲಿಲ್ಲ. ನನ್ನ ಹತ್ತಿರ ಮತ್ತೆ ತರಲೂ ಇಲ್ಲ, ಮಸ್ಕಿಯಲ್ಲಿ ಬೇರೆ ಮಿಸ್ತ್ರಿಗೆ ತೋರಿಸುತ್ತಾರಂತೆ. ನಾನು ದಿನಾ ಮುಂಜಾನೆ ಸಿಂಧನೂರಿನ ಸರ್ಕಲ್ಲಿನ ಹತ್ತಿರ ಚಹಾದಂಗಡಿಯಲ್ಲಿ ಕೂಡುತ್ತೇನೆ. ಆ ಹೊತ್ತಿಗೆ ಅವರ ಕಾರು ಬರುತ್ತದೆ, ಒಳಗೆ ಮೂವರೂ ಶಿಕ್ಷಕಿಯರಿರುತ್ತಾರೆ. ಅಡ್ಡ ಬರುವ ಬಸ್ಸಿಗೆ ದಾರಿ ಕೊಡಲು ಬ್ರೇಕ್ ಹಿಡಿದು ನಿಲ್ಲುತ್ತಾರೆ. ನಾನು ಲೋಟ ಕೆಳಗಿಟ್ಟು ಇಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತೇನೆ. ಅದು ನಡುಗುವುದಿಲ್ಲ. ಅವರು ನನ್ನ ಕಡೆ ನೋಡುವುದಿಲ್ಲ.